ಭಂಡಾರ ಎತ್ತಿ ಹೇಳಿದ ಮಾತು

ಮಂಗಸೂಳಿ

ಚಿ. ಸುಂದರಾಳಿಗೆ ಆಶೀರ್ವಾದ.

ನಿನ್ನ ಪತ್ರದಲ್ಲಿ ಒಂದು ತಪ್ಪು ಸಂಗತಿ ಇದೆ. ಬೇರೇನನ್ನು ಬರೆಯುವ ಮೊದಲು ಅದನ್ನು ತಿದ್ದಬೇಕು. "ಊರಿನವರು ಅಣ್ಣನನ್ನು ಗುಡಿಗೆ ಎಳೆದೊಯ್ದು ಬಲವಂತದಿಂದ ಭಂಡಾರ ಎತ್ತಿಸಿದರು" ಎಂದು ನೀನು ಬರೆದಿರುವೆ. ಹಾಗೆ ನಡೆದಿಲ್ಲ. ಕಾಡಸಿದ್ದನನ್ನು ಯಾರೂ ಎಳೆಯಲಿಲ್ಲ. ನವೆಂಬರ್ ೨೭ರ ಭಾನುವಾರ ಬೆಳಿಗ್ಗೆ ಅವನೇ ಬಾವಿಯಲ್ಲಿ ಮಿಂದು ಒದ್ದೆ ಧೋತರದಲ್ಲಿ ಮಲ್ಲಯ್ಯನ ಗುಡಿಗೆ ಬಂದನು. ಹಿಂದೆ ನಿನ್ನ ತಾಯಿ ಗಿರಿಜವ್ವ ಇದ್ದಳು. ನೀನು ಚಿಕ್ಕೋಡಿಯ ಕಾನೂನು ಕಾಲೇಜಿನ ವಸತಿಗೃಹದಲ್ಲಿದ್ದೆ; ನಾನು ಅಲ್ಲಿದ್ದೆನು. ಆದ್ದರಿಂದ ನಡೆದುದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ನವೆಂಬರ್ ೨೨ರ ಮಂಗಳವಾರ, ಇನ್ನೂ ಬೆಳಕು ಹರಿಯುತ್ತಿದ್ದಾಗ, ನಿಮ್ಮ ಪಕ್ಕದ ಹೊಲದ ಮುರಗೆಪ್ಪ ನಿಮ್ಮ ಕಬ್ಬಿನ ಬದುವಿನ ಮೇಲೆ ಹಾಯ್ದು ತನ್ನ ಹೊಲಕ್ಕೆ ಹೊರಟಿದ್ದನು. ಹಂದಿಗಳು ಬಾರದಿರಲೆಂದು ನಿನ್ನ ಅಣ್ಣ ಕಬ್ಬಿನ ಸುತ್ತ ಕಟ್ಟಿದ್ದ ತಂತಿ ಅವನ ಕಾಲಿಗೆ ತಾಗಿತು. ತಂತಿಯಲ್ಲಿ ಕರೆಂಟು ಇತ್ತು. ಮುರಗೆಪ್ಪ ಅಲ್ಲಿಯೇ ತೀರಿಕೊಂಡನು. ಹಿಂದಿನ ವಾರ ರಾತ್ರಿ ಪಾಳಿಯ ಕರೆಂಟು ಇದ್ದಾಗ ಮೋಟರಿನ ಪೆಟ್ಟಿಗೆಯಿಂದ ತಂತಿಗೆ ಹಾಕಿದ ಕೊಂಡಿ ಅದು. ಈ ವಾರ ಹಗಲು ಪಾಳಿ, ಹೊತ್ತು ಏರುವವರೆಗೆ ಕರೆಂಟು ಬರುವುದಿಲ್ಲ, ಬೆಳಿಗ್ಗೆ ಬಿಚ್ಚಿದರಾಯಿತು ಎಂದು ಕಾಡಸಿದ್ದ ತಿಳಿದಿದ್ದನು. ಈ ವಾರವೂ ರಾತ್ರಿ ಪಾಳಿಯೇ ಮುಂದುವರಿದ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಇದನ್ನು ಅವನು ಆ ದಿನವೇ ಗಿರಿಜವ್ವನ ಮುಂದೆ ಹೇಳಿ ಅತ್ತನು.

ಮುರಗೆಪ್ಪನ ಹೆಂಡತಿ ಲಕ್ಕವ್ವ ಮೈಲಿಗೆ ಕಳೆಯುವ ಮೊದಲೇ ಹೇಳಿ ಕಳಿಸಿದಳು: "ಪೊಲೀಸರಿಗೆ ಏನರೆ ಹೇಳಲಿ. ನನಗ ಮಲ್ಲಯ್ಯನ ಮುಂದ ಖರೇ ಹೇಳಿದ್ರ ಸಾಕು." ನಿಮ್ಮ ಮನೆಗಳೆರಡಕ್ಕೂ ಬೇಕಾದವನೆಂದು ಪ್ರಶ್ನೆ ಕೇಳುವ ಕೆಲಸ ನನಗೆ ಬಂದಿತು. ನಾನು ಜೈನನು, ಆ ದೇವರ ಒಕ್ಕಲಲ್ಲ. ಆದರೂ ಆ ಗುಡಿಯ ಪದ್ಧತಿ ನನಗೆ ಗೊತ್ತು. ದೇವರ ತಟ್ಟೆಯ ಅರಿಸಿನವನ್ನು, ಅಂದರೆ ಭಂಡಾರವನ್ನು, ಬಲಗೈಯಲ್ಲಿ ಎತ್ತಿದವನು ಕೇಳಿದ ಪ್ರಶ್ನೆಗೆ ಹೌದು ಎನ್ನಬೇಕು, ಇಲ್ಲವೆ ಅಲ್ಲ ಎನ್ನಬೇಕು. "ಆದರೆ" ಎಂದು ಮುಂದುವರಿಸಿದರೆ ಆ ಪ್ರಮಾಣ ಬಿದ್ದುಹೋಗುತ್ತದೆ. ನೊಂದವರು ಅದನ್ನು ಸ್ವೀಕರಿಸುವುದಿಲ್ಲ. ನಿಜ ಹೇಳಿದನೆಂದು ಮನಸ್ಸಿಗೆ ಬಂದರೆ ಅದೇ ಭಂಡಾರವನ್ನು ಅವನ ಹಣೆಗೆ ಹಚ್ಚುತ್ತಾರೆ. ಅಲ್ಲಿಗೆ ಎರಡು ಮನೆಗಳ ನಡುವಿನ ಮಾತು ಮುಗಿಯಿತು.

ಹೊರಗೆ ಊರೆಲ್ಲ ನೆರೆದಿತ್ತು. ಒಳಗೆ ಪೂಜಾರಿ, ಲಕ್ಕವ್ವ, ಗಿರಿಜವ್ವ, ಕಾಡಸಿದ್ದ ಮತ್ತು ನಾನು. ನಾನು ಕೇಳಿದೆನು: "ಕರೆಂಟಿನ ತಂತಿ ತಟ್ಟಿದರ ಮನಶಾ ಸಾಯ್ತಾನ ಅನ್ನೂದು ನಿನಗ ಗೊತ್ತಿತ್ತೋ ಇಲ್ಲೋ?" ಅವನು ಭಂಡಾರ ಎತ್ತಿ, "ಗೊತ್ತಿತ್ತರಿ" ಎಂದನು. ಮುಂದೆ ಏನೋ ಹೇಳಲು ಬಾಯಿ ತೆರೆದನು, ಮತ್ತೆ ಮುಚ್ಚಿದನು. ಲಕ್ಕವ್ವ ಭಂಡಾರವನ್ನು ಅವನ ಹಣೆಗೆ ಹಚ್ಚಿ, "ಹ್ವಾದಾಂವ ತಿರುಗಿ ಬರೂದಿಲ್ಲ. ನೀ ಸುಳ್ಳ ಹೇಳಲಿಲ್ಲ. ಹೋಗಪಾ, ನಿಮ್ಮವ್ವನ್ನ ನೋಡ್ಕೋ" ಎಂದಳು.

ಅದಾದ ಎರಡು ದಿನಕ್ಕೆ, ಮಂಗಳವಾರ, ಪೊಲೀಸರು ಬಂದು ಅವನನ್ನು ಕರೆದೊಯ್ದರು. ನೊಂದವಳೇ ಕ್ಷಮಿಸಿದ ಮೇಲೆ ಸರಕಾರಕ್ಕೆ ಹೆಚ್ಚಿನ ಹಟ ಇರಲಾರದೆಂದು ನನ್ನ ಎಣಿಕೆ. ನೀನು ಧೈರ್ಯದಿಂದ ಓದು.

ಧರಣೇಂದ್ರ ಪಾ. ಉಪಾಧ್ಯೆ
೧೪-೧೨-೧೯೮೮, ಬೆಳಿಗ್ಗೆ ೯ ಗಂಟೆ ೨೦ ನಿಮಿಷ


ಚಿಕ್ಕೋಡಿ
೨೨-೧-೧೯೮೯

ಪೂಜ್ಯ ಗುರುಗಳಿಗೆ ಸುಂದರಾಳ ನಮಸ್ಕಾರ.

ಎಳೆದೊಯ್ದರೆಂದು ಬರೆದದ್ದು ತಪ್ಪು. ಬಲವಂತದಿಂದ ಹೇಳಿಸಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲವೆಂದು ಅದರ ಹಿಂದಿನ ದಿನವಷ್ಟೇ ಓದಿದ್ದೆ. ಹಾಗೆ ನಡೆದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದುಕೊಳ್ಳುತ್ತ ಹಾಗೆಯೇ ನಡೆದಿದೆ ಎಂದು ಬರೆದುಬಿಟ್ಟೆ. ಕ್ಷಮಿಸಿ.

ಈ ತಿಂಗಳು ನಮಗೆ ದಂಡಸಂಹಿತೆಯ ಮೂಲತತ್ತ್ವಗಳು ನಡೆಯುತ್ತಿವೆ. ಕೃತ್ಯವೊಂದೇ ಅಪರಾಧವಲ್ಲ, ಕೃತ್ಯದ ಹಿಂದಿನ ಮನಸ್ಸನ್ನೂ ನೋಡಬೇಕು. ಮೊದಲ ದಿನ ಇದನ್ನು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಣ್ಣನ ಮನಸ್ಸನ್ನು ಬಲ್ಲವರು ಅವನನ್ನು ಹೇಗೆ ಶಿಕ್ಷಿಸಿಯಾರು ಎಂದುಕೊಂಡೆ. ಮರುವಾರ ಅಧ್ಯಾಪಕರು ಆ ಮನಸ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿದರು. ಕೊಲ್ಲಬೇಕೆಂಬ ಉದ್ದೇಶ ಮೇಲಿನದು. ಉದ್ದೇಶವಿಲ್ಲದಿದ್ದರೂ ಸಾವು ಬಂದೀತೆಂಬ ಅರಿವು ಇದ್ದರೆ ಅದು ನಡುವಿನದು. ಹತ್ತು ವರ್ಷದವರೆಗೆ ಜೈಲು. ಅರಿವೂ ಇಲ್ಲದೆ ಬರಿಯ ಅಜಾಗರೂಕತೆ ಇದ್ದರೆ ಕೆಳಗಿನದು. ಹೆಚ್ಚೆಂದರೆ ಎರಡು ವರ್ಷ.

ಆಮೇಲೆ ಅವರು ಉದಾಹರಣೆಗೆಂದು ನಮ್ಮ ಕಡೆಯ ಹಂದಿಯ ತಂತಿಯನ್ನೇ ತೆಗೆದುಕೊಂಡರು. ಅವರಿಗೆ ನಮ್ಮ ಮನೆಯ ಸಂಗತಿ ಗೊತ್ತಿಲ್ಲ. "ಏನವಾ ಮಂಗಸೂಳಿ, ನಿಮ್ಮ ಕಡೆ ಹಂದಿಗೆ ಇಟ್ಟ ಊಟ ಮನಶಾಗ ಬಡಿಸ್ತಾರಂತ. ಯಾವ ಕಲಮ ಹೇಳು?" ಎಂದರು. ಹುಡುಗರೆಲ್ಲ ನಕ್ಕರು. ನಾನು ಎದ್ದು ನಿಂತೆ. "ಕರೆಂಟು ಇಲ್ಲಂತ ತಿಳಿದಿದ್ದರ ಅಜಾಗರೂಕತೆ ಸರ್" ಎಂದೆ. "ಶಾಣ್ಯಾ ಇದ್ದಿ. ಆದರ ಆರೋಪಿನ ಸ್ವತಃ ಗೊತ್ತಿತ್ತು ಅಂತ ನಾಕ ಮಂದಿ ಮುಂದ ಹೇಳಿದ್ದರ?" ಎಂದರು. ನಾನು ಕುಳಿತುಬಿಟ್ಟೆ. ನೀವು ಗುಡಿಯಲ್ಲಿ ಕೇಳಿದ ಪ್ರಶ್ನೆ ನಮ್ಮ ಪುಸ್ತಕದಲ್ಲಿ ಅಚ್ಚಾಗಿದೆ, ಸರ್. ಅದರ ಉತ್ತರವೂ ಇದೆ.

ನಮ್ಮ ವಕೀಲರಾದ ಕಾಕಾಸಾಹೇಬರು ಹೇಳುವುದೂ ಇಷ್ಟೇ. ತಂತಿ ಕಟ್ಟಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎರಡು ವರ್ಷವೋ ಹತ್ತು ವರ್ಷವೋ ಎಂಬುದೆಲ್ಲ ಗುಡಿಯ ಒಳಗಿನ ಆ ಮಾತಿನ ಮೇಲೆ ನಿಂತಿದೆ. ಲಕ್ಕವ್ವಕ್ಕನ ಕ್ಷಮೆಯಿಂದ ಖಟ್ಲೆ ನಿಲ್ಲುವುದಿಲ್ಲ. ಇಂಥದರಲ್ಲಿ ಫಿರ್ಯಾದಿ ಅವಳಲ್ಲ, ಸರಕಾರ.

ಹೋದ ವಾರ ಹಿಂಡಲಗಾ ಜೈಲಿಗೆ ಹೋಗಿ ಅಣ್ಣನನ್ನು ಕಂಡೆ. "ಲಕ್ಕವ್ವಕ್ಕ ಭಂಡಾರ ಹಚ್ಚ್ಯಾಳ. ಮತ್ತ್ಯಾಕ ನನ್ನ ಇಲ್ಲಿಟ್ಟಾರ? ನೀ ಕಾಯ್ದೆ ಓದಾಕತ್ತಿ, ನೀನ ಹೇಳ ತಂಗಿ" ಎಂದ. ಪರೀಕ್ಷೆಗೆ ಬರುವ ಪ್ರಶ್ನೆಯಾಗಿದ್ದರೆ ಉತ್ತರಿಸುತ್ತಿದ್ದೆ.

ನಿಮ್ಮ ಶಿಷ್ಯೆ,
ಸುಂದರಾ


ಮಂಗಸೂಳಿ

ಚಿ. ಸುಂದರಾಳಿಗೆ ಆಶೀರ್ವಾದ.

ನೀನು ಬರೆದುದನ್ನು ಎರಡು ಸಲ ಓದಿದೆನು. ಪಾಠವನ್ನು ಸ್ಪಷ್ಟವಾಗಿ ಗ್ರಹಿಸಿರುವೆ. ಆದರೆ ಪತ್ರದುದ್ದಕ್ಕೂ ನೀನು ಕೇಳದೆ ಕೇಳಿರುವ ಒಂದು ಬೇಡಿಕೆ ಇದೆ ಎಂದು ನನಗೆ ತೋರಿತು. ಹಾಗಿಲ್ಲದಿದ್ದರೆ ನನ್ನನ್ನು ಕ್ಷಮಿಸು. ಇದ್ದರೆ ಅದನ್ನು ಮತ್ತೆ ಬರೆಯಬೇಡ. ನಾನು ನೋಡಿದುದನ್ನು ನೋಡಿದೆನೆನ್ನುವವನು, ಕೇಳಿದುದನ್ನು ಕೇಳಿದೆನೆನ್ನುವವನು. ಎರಡು ತಲೆಮಾರಿನ ಮಕ್ಕಳನ್ನು ಇದೊಂದೇ ಮಾತಿಗಾಗಿ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಿನ್ನನ್ನೂ ನಿಲ್ಲಿಸಿದ್ದೆ.

ಊರಿನಲ್ಲಿ ಎಲ್ಲರೂ ಶಾಂತರಾಗಿದ್ದಾರೆ. ಮೊನ್ನೆ ಲಕ್ಕವ್ವನ ಮನೆಯ ಮುಂದೆ ಹಾಯ್ದು ಹೋದೆನು. ಕಟ್ಟೆಯ ಮೇಲೆ ಪೂಜಾರಿ, ಲಕ್ಕವ್ವ, ನಿನ್ನ ತಾಯಿ ಮೂವರೂ ಕುಳಿತು ಮಾತನಾಡುತ್ತಿದ್ದರು. ನನ್ನನ್ನು ಕಂಡ ಕೂಡಲೆ ಸುಮ್ಮನಾಗಿ ಎದ್ದು ನಿಂತರು. ದುಃಖದ ನಡುವೆಯೂ ಹಿರಿಯರ ಬಗೆಗಿನ ಮರ್ಯಾದೆ ಈ ಊರಿನಲ್ಲಿ ಉಳಿದಿರುವುದನ್ನು ಕಂಡು ಸಮಾಧಾನವಾಯಿತು. ಗಂಡನನ್ನು ಕಳೆದುಕೊಂಡವಳೂ ಅವನ ಸಾವಿಗೆ ಕಾರಣನಾದವನ ತಾಯಿಯೂ ಒಂದೇ ಕಟ್ಟೆಯ ಮೇಲೆ ಕುಳಿತಿರುವುದನ್ನು ನಿಮ್ಮ ನ್ಯಾಯಾಧೀಶರು ಒಮ್ಮೆ ಬಂದು ನೋಡಬೇಕಿತ್ತು.

ಧರಣೇಂದ್ರ ಪಾ. ಉಪಾಧ್ಯೆ
೬-೨-೧೯೮೯, ಮಧ್ಯಾಹ್ನ ೨ ಗಂಟೆ ೧೦ ನಿಮಿಷ


ಚಿಕ್ಕೋಡಿ
೧೬-೭-೧೯೮೯

ಪೂಜ್ಯ ಗುರುಗಳಿಗೆ ನಮಸ್ಕಾರ.

ಪರೀಕ್ಷೆ, ಜೈಲು, ವಕೀಲರ ಮನೆ ಎಂದು ತಿರುಗುತ್ತ ಬಹಳ ದಿನ ನಿಮಗೆ ಬರೆಯಲಾಗಲಿಲ್ಲ. ಖಟ್ಲೆಯ ಮಾತು ಬೇಡ. ನಿಮ್ಮ ಆರೋಗ್ಯ ಹೇಗಿದೆ? ಹೋದ ಸಲ ಊರಿಗೆ ಬಂದಾಗ ನಾನು ಬಾಗಿಲಲ್ಲಿ ನಿಂತು ಕರೆದದ್ದು ನಿಮಗೆ ಕೇಳಿಸಲಿಲ್ಲ. ಆಮೇಲೆ ಅವ್ವ ಹೇಳಿದಳು, ನಿಮಗೆ ಕಿವಿಯ ತೊಂದರೆ ಇದೆಯೆಂದು. ಯಾವ ಕಿವಿ? ಎಂದಿನಿಂದ? ಏನು ಔಷಧ ಮಾಡುತ್ತಿದ್ದೀರಿ? ವಿವರವಾಗಿ ಬರೆಯಿರಿ. ಇಲ್ಲಿ ಒಳ್ಳೆಯ ಡಾಕ್ಟರೊಬ್ಬರಿದ್ದಾರೆ. ಅವರನ್ನು ಕೇಳಿ ಹೇಳುತ್ತೇನೆ.

ಸುಂದರಾ


ಮಂಗಸೂಳಿ

ಚಿ. ಸುಂದರಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಕಾಗದ ಚಿಕ್ಕದು. ಆದರೆ ಈ ವರ್ಷ ನನಗೆ ಬಂದ ಕಾಗದಗಳಲ್ಲೆಲ್ಲ ಅದೇ ಬೆಲೆಯುಳ್ಳದ್ದು. ನನ್ನವಳು ಹೋದ ಮೇಲೆ ಕಿವಿಯನ್ನಾಗಲಿ ಕಣ್ಣನ್ನಾಗಲಿ ಹೇಗಿದೆ ಎಂದು ಕೇಳಿದವರಿಲ್ಲ. ಮಗ ಸಾಂಗಲಿಯಿಂದ ಬಂದರೆ ದ್ರಾಕ್ಷಿಯ ಧಾರಣೆ ಕೇಳಿ ಹೋಗುತ್ತಾನೆ. ನೀನು ಇಂಥ ಸಂಕಟದಲ್ಲಿದ್ದೂ ಕೇಳಿದೆ.

ಕೇಳಿದುದಕ್ಕೆ ಕ್ರಮವಾಗಿ ಉತ್ತರಿಸುತ್ತೇನೆ. ತೊಂದರೆ ಎಡಗಿವಿಯದು. ಹೋದ ವರ್ಷದ ಮಳೆಗಾಲದಲ್ಲಿ ಸೋರಲು ಆರಂಭವಾಗಿ, ಕಳೆದ ದೀಪಾವಳಿಯ ಹೊತ್ತಿಗೆ ಪೂರ್ತಿಯಾಗಿ ಮುಚ್ಚಿಕೊಂಡಿತು. ಬಲಗಿವಿ ಸ್ವಸ್ಥವಾಗಿದೆ. ಕಾಗವಾಡದ ವೈದ್ಯರು ಹೇಳಿದಂತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ದಿನವೂ ಬಿಡುತ್ತೇನೆ. ಹೆಚ್ಚಿನ ಉಪಯೋಗ ಕಂಡಿಲ್ಲ. ಎಡಬದಿಯಲ್ಲಿ ನಿಂತು ಮಾತನಾಡುವವರಿಗೆ ನಾನು ತಲೆಯಾಡಿಸುತ್ತೇನೆಯೇ ಹೊರತು ಕೇಳಿಸಿರುವುದಿಲ್ಲ. ಇದನ್ನು ಊರಿನವರಿಗೆ ಹೇಳಿಕೊಂಡಿಲ್ಲ. ನಿನ್ನ ತಾಯಿಗೆ ಹೇಗೋ ಗೊತ್ತಾಗಿರಬೇಕು. ಡಾಕ್ಟರರು ಏನೆಂದರೆಂಬುದನ್ನು ತಿಳಿಸು.

ಬೇರೆ ವಿಶೇಷವಿಲ್ಲ.

ಧರಣೇಂದ್ರ ಪಾ. ಉಪಾಧ್ಯೆ
೨೧-೭-೧೯೮೯, ಬೆಳಿಗ್ಗೆ ೭ ಗಂಟೆ ೪೫ ನಿಮಿಷ


ಮಂಗಸೂಳಿ

ಚಿ. ಸುಂದರಾಳಿಗೆ.

ಡಾಕ್ಟರರ ಅಭಿಪ್ರಾಯ ಇನ್ನು ಬೇಕಿಲ್ಲ.

ಗುರುವಾರ ಬೆಳಗಾವಿಯ ಕೋರ್ಟಿನಲ್ಲಿ ನನ್ನ ಸಾಕ್ಷಿಯಾಯಿತು. ನೀನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಕೆಲವು ಮಾತು ನಿನಗೆ ಕೇಳಿಸಿರಲಾರದು. ನಾನು ಅಲ್ಲಿ ಹೇಳದಿದ್ದ ಇನ್ನೂ ಕೆಲವಿವೆ.

ಸಮನ್ಸು ನನಗೆ ಜುಲೈ ತಿಂಗಳಲ್ಲಿಯೇ ಮುಟ್ಟಿತ್ತು. ಹಿಂದಿನ ಪತ್ರ ಬರೆಯುವಾಗ ಅದು ನನ್ನ ಮೇಜಿನ ಮೇಲಿತ್ತು. ನಿನಗೆ ತಿಳಿಸಲಿಲ್ಲ. ಸುಳ್ಳು ಹೇಳುವುದು ನನ್ನಿಂದಾಗದು. ಆದರೆ ಕೇಳಿದುದಕ್ಕಷ್ಟೇ ಉತ್ತರಿಸಿ ಇಳಿದುಬರುವುದು ಸುಳ್ಳಾಗುವುದಿಲ್ಲ ಎಂದು ನಾಲ್ಕು ತಿಂಗಳು ಯೋಚಿಸಿ ನಿಶ್ಚಯಿಸಿದ್ದೆನು. ಸರಕಾರಿ ವಕೀಲರಿಗೆ ಆ ದಿನ ಬೇರೆ ಖಟ್ಲೆಯ ಅವಸರ. "ಆರೋಪಿ ಗುಡ್ಯಾಗ ತನ್ನ ತಪ್ಪ ಒಪ್ಪಿಕೊಂಡಾನೇನ್ರಿ?" ಎಂದರು. "ಒಪ್ಪಿಕೊಂಡನು" ಎಂದೆನು. ಯಾವ ತಪ್ಪು, ಯಾವ ಮಾತಿನಲ್ಲಿ ಎಂದು ಅವರು ಕೇಳಲಿಲ್ಲ. ತಂತಿ ಕಟ್ಟಿದ್ದನ್ನು ನಿಮ್ಮ ಕಡೆಯವರೇ ಒಪ್ಪಿದ್ದರಲ್ಲ, ಅಷ್ಟೇ ಆಯಿತು. ಅವರು ಕುಳಿತರು. ನಾನು ಕಟಕಟೆಯಿಂದ ಇಳಿಯಲು ಒಂದು ಕಾಲು ಮುಂದಿಟ್ಟಿದ್ದೆನು, ಸುಂದರಾ.

ಆಗ ಕಾಕಾಸಾಹೇಬರು ಎದ್ದರು.

"ಮಾಸ್ತರ, ಎಡಗಿವ್ಯಾಗ ಬೆಳ್ಳುಳ್ಳಿ ಎಣ್ಣಿ ಹಾಕೋತೀರಿ, ಖರೇ ಏನ್ರಿ?"

"ಹೌದು."

"ಹೋದ ವರ್ಷದ ದೀಪಾವಳಿಯಿಂದ ಆ ಕಿವಿ ಪೂರಾ ಬಂದ್. ಗುಡಿ ಮಾತು ಆದದ್ದು ದೀಪಾವಳಿ ಆದಮ್ಯಾಲ. ಹೌದಲ್ರಿ?"

"ಹೌದು."

"ಎಡಕ ನಿಂತವರು ಮಾತಾಡಿದರ ಬರೇ ತಲಿ ಅಲ್ಲಾಡಸ್ತೀರಿ. ಕೇಳಸೂದಿಲ್ಲ."

ಎಣ್ಣೆಯ ಮಾತು ಬಂದಾಗ ವೈದ್ಯರು ಹೇಳಿರಬಹುದೆಂದುಕೊಂಡೆನು. ತಲೆಯಾಡಿಸುವ ಮಾತನ್ನು ನಾನು ಒಬ್ಬಳಿಗೆ ಮಾತ್ರ ಬರೆದಿದ್ದೆನು. ನಿನ್ನ ಕಡೆಗೆ ನೋಡಿದೆನು. ನೀನು ತಲೆ ಎತ್ತಲಿಲ್ಲ.

ಅವರು ನಿಲ್ಲಿಸಲಿಲ್ಲ. "ಗುಡ್ಯಾಗ ಗಂಟಿ ಸಪ್ಪಳ, ಹೊರಗ ಮಂದಿ ಗದ್ದಲ. ಆ ಹುಡುಗ ಏನೋ ಅಂದಾನ, ನೀವೇನೋ ತಿಳ್ಕೊಂಡೀರಿ. ಅಂವ ಒಪ್ಪಿಕೊಂಡಾನ ಅನ್ನೂದ ಸುಳ್ಳ. ನೀವು ಏನಂದ್ರ ಏನೂ ಕೇಳಿಲ್ಲ!" ಎಂದರು. ಕೋರ್ಟಿನಲ್ಲಿ ಯಾರೋ ನಕ್ಕರು. "ನಾನು ಕೇಳಿದ್ದೇನೆ. ಅವನು ನನ್ನ ಬಲಕ್ಕೆ ನಿಂತಿದ್ದನು" ಎಂದೆನು. ಅವರು ಸಿಟ್ಟಿನ ಭರದಲ್ಲಿ, "ಹಂಗಾರ ಹೇಳ್ರಿ ನೋಡೂಣು, ಏನ್ ಕೇಳೀರಿ?" ಎಂದುಬಿಟ್ಟರು.

ಕೇಳಿದ ಪ್ರಶ್ನೆಗೆ ಉತ್ತರಿಸಿದೆನು. ನಾನು ಗುಡಿಯಲ್ಲಿ ಕೇಳಿದ ಮಾತನ್ನೂ ಕಾಡಸಿದ್ದ ಹೇಳಿದ ಮಾತನ್ನೂ ಇದ್ದಂತೆಯೇ ಹೇಳಿದೆನು. ಸರಕಾರಿ ವಕೀಲರು ಕಾಗದಗಳಿಂದ ತಲೆ ಎತ್ತಿದರು. ನ್ಯಾಯಾಧೀಶರು ಬರೆಸಿಕೊಂಡರು. ಭಂಡಾರ ಎತ್ತಿದವನು ಹೆಚ್ಚಿಗೆ ಹೇಳಬಾರದು, ಪಾಳಿಯ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು ಎಂದು ನಾನು ವಿವರಿಸತೊಡಗಿದಾಗ ನ್ಯಾಯಾಧೀಶರು ಕೈ ಎತ್ತಿ, "ಕೇಳಿದ್ದಕ್ಕಷ್ಟ ಉತ್ತರಾ ಹೇಳ್ರಿ ಮಾಸ್ತರ. ಮುಗೀತು, ಇಳೀರಿ" ಎಂದರು.

ಹೊರಗೆ ಬೇವಿನ ಗಿಡದ ಕೆಳಗೆ ಲಕ್ಕವ್ವ ನಿಂತಿದ್ದಳು. ಅವಳೂ ಪೂಜಾರಿಯೂ ನನಗಿಂತ ಮೊದಲೇ ಸಾಕ್ಷಿ ಹೇಳಿ, ಏನೂ ಕೇಳಿಲ್ಲವೆಂದು ಹೇಳಿ ಬಂದಿದ್ದರು. "ನಾವೆಲ್ಲಾ ಮೊದಲ ಮಾತಾಡ್ಕೊಂಡಿದ್ವಿ ಮಾಸ್ತರ. ನಿಮಗ ಹೇಳೂ ಧೈರ್ಯ ಯಾರಿಗೂ ಬರಲಿಲ್ಲ" ಎಂದಳು. ಕಟ್ಟೆಯ ಮೇಲೆ ಅವರು ಎದ್ದು ನಿಂತದ್ದು ಮರ್ಯಾದೆಗಲ್ಲ.

ಧರಣೇಂದ್ರ ಪಾ. ಉಪಾಧ್ಯೆ
೧೮-೧೧-೧೯೮೯, ಬೆಳಿಗ್ಗೆ ೧೧ ಗಂಟೆ


ಚಿಕ್ಕೋಡಿ
೮-೪-೧೯೯೦

ಗುರುಗಳಿಗೆ ನಮಸ್ಕಾರ.

ಅಣ್ಣನಿಗೆ ಏಳು ವರ್ಷ ಶಿಕ್ಷೆಯಾಯಿತು. ತೀರ್ಪಿನಲ್ಲಿ ನಿಮ್ಮ ಹೆಸರು ಬಂದಿದೆ. ಉಳಿದ ಸಾಕ್ಷಿಗಳು ಆರೋಪಿಯ ಕಡೆ ವಾಲಿದರೂ, ಗೌರವಾನ್ವಿತ ಶಿಕ್ಷಕರೊಬ್ಬರು ಯಾವ ಹಂಗೂ ಇಲ್ಲದೆ ಹೇಳಿದ ಮಾತೊಂದೇ ಆರೋಪಿಗೆ ಅರಿವು ಇತ್ತೆಂಬುದಕ್ಕೆ ಸಾಕು ಎಂದು ಬರೆದಿದ್ದಾರೆ. ತೀರ್ಪು ಓದುವಾಗ ಲಕ್ಕವ್ವಕ್ಕ ಎದ್ದು, "ಸಾಹೇಬ್ರ, ಸತ್ತಾಂವ ನನ್ನ ಗಂಡ. ನಾ ಬಿಟ್ಟೀನಿ. ನೀವ್ಯಾಕ ಹಿಡೀತೀರಿ?" ಎಂದಳು. ಪೊಲೀಸಿನವನು ಅವಳ ರಟ್ಟೆ ಹಿಡಿದು ಕೂರಿಸಿದ. ನ್ಯಾಯಾಧೀಶರು ಸಿಟ್ಟಾಗಲಿಲ್ಲ. "ಇದು ನಿನ್ನ ಕೈಯಾಗಿಲ್ಲವ್ವಾ, ನನ್ನ ಕೈಯಾಗೂ ಇಲ್ಲ" ಎಂದರು.

ಕಿವಿಯ ವಿಷಯ ವಕೀಲರಿಗೆ ಹೇಳಿದವಳು ನಾನೇ. ನಿಮಗೆ ಗೊತ್ತೇ ಇದೆ. ನೀವು ಇಳಿದುಬರಲು ನಿಶ್ಚಯಿಸಿದ್ದೀರೆಂದು ನನಗೆ ಒಂದು ಗೆರೆ ಬರೆದಿದ್ದರೆ ಕಾಕಾಸಾಹೇಬರು ಅಂದು ಏಳುತ್ತಲೇ ಇರಲಿಲ್ಲ. ನಾನು ಬಾಯಿ ಬಿಟ್ಟು ಬೇಡಿಕೊಂಡಿದ್ದರೆ ನೀವೂ ಹೇಳುತ್ತಿದ್ದಿರೇನೋ. ಬೇಡಬೇಡವೆಂದು ನೀವೇ ಬರೆದಿದ್ದಿರಿ.

ದಂಡಸಂಹಿತೆಯ ಪರೀಕ್ಷೆಯಲ್ಲಿ ಉದ್ದೇಶಕ್ಕೂ ಅರಿವಿಗೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ಬರೆಯಲು ಕೇಳಿದ್ದರು. ಹಂದಿಯ ತಂತಿಯನ್ನೇ ಬರೆದೆ. ಬೇರೆ ಉದಾಹರಣೆ ಹೊಳೆಯಲಿಲ್ಲ. ಆ ವಿಷಯದಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿವೆಯಂತೆ. ಅಧ್ಯಾಪಕರು ಹುಡುಗರ ಮುಂದೆ ಹೊಗಳಿದರು.

ಕೆಲವು ದಿನ ನನಗೆ ಬರೆಯಬೇಡಿ.

ಸುಂದರಾ


ಮಂಗಸೂಳಿ

ಚಿ. ಸುಂದರಾಳಿಗೆ ಆಶೀರ್ವಾದ.

ಬರೆಯಬೇಡವೆಂದೆ, ವರ್ಷದ ಮೇಲಾಯಿತು. ಇಂದು ಬರೆಯಬೇಕಾದುದು ಬಂದಿದೆ. ನಿನ್ನ ತಾಯಿ ಹಾಸಿಗೆ ಹಿಡಿದಿದ್ದಾಳೆ. ನಾನು ಹೋದರೆ ಗೋಡೆಯ ಕಡೆ ಹೊರಳುತ್ತಾಳೆ. ಲಕ್ಕವ್ವ ಅವಳಿಗೆ ಅಂಬಲಿ ಕುಡಿಸುತ್ತಾಳೆ. ನೀನು ಬಂದು ನೋಡಿ ಹೋಗು.

ಕಳೆದ ವಾರ ಬದುವಿನ ಜಗಳವೊಂದು ಗುಡಿಗೆ ಬಂದಿತ್ತು. ಪೂಜಾರಿ ತಟ್ಟೆ ಹಿಡಿದು ನಿಂತನು. ಇಬ್ಬರೂ ಕೈ ಮುಂದೆ ಮಾಡಲಿಲ್ಲ. ಒಬ್ಬನು, "ವಕೀಲರನ್ನ ಕೇಳಿ ಆಮ್ಯಾಲ ಎತ್ತತೀನ್ರಿ" ಎಂದನು. ಯಾರೂ ನಗಲಿಲ್ಲ.

ಧರಣೇಂದ್ರ ಪಾ. ಉಪಾಧ್ಯೆ
೧೦-೯-೧೯೯೧, ಸಂಜೆ ೫ ಗಂಟೆ ೩೦ ನಿಮಿಷ


ಚಿಕ್ಕೋಡಿ
೨೧-೬-೧೯೯೨

ಗುರುಗಳಿಗೆ ನಮಸ್ಕಾರ.

ಅವ್ವ ಹೋದ ದಿನ ನೀವು ಸ್ಮಶಾನದ ಹೊರಗೆ ನಿಂತಿದ್ದನ್ನು ನೋಡಿದೆ. ಮಾತನಾಡಿಸಲಾಗಲಿಲ್ಲ. ಅಣ್ಣನನ್ನು ಪೊಲೀಸರು ಒಂದು ತಾಸಿಗೆ ಕರೆತಂದು ಕರೆದೊಯ್ದರು. ಈಗ ಜೈಲಿನಲ್ಲಿ ಅವನು ಯಾರೊಡನೆಯೂ ಮಾತನಾಡುವುದಿಲ್ಲ. ಏನು ಕೇಳಿದರೂ ಹೌದು ಎನ್ನುತ್ತಾನೆ, ಇಲ್ಲವೆ ಅಲ್ಲ ಎನ್ನುತ್ತಾನೆ. ನನ್ನೊಡನೆಯೂ ಅಷ್ಟೇ.

ಬೆಂಗಳೂರಿನ ಹೈಕೋರ್ಟಿನಲ್ಲಿ ನಮ್ಮ ಅಪೀಲು ಇದೆ. ಅಲ್ಲಿಯ ವಕೀಲರು, ಆ ಸಾಕ್ಷಿಯೇ ಪ್ರಮಾಣಪತ್ರ ಬರೆದುಕೊಟ್ಟರೆ ಒಂದು ಅರ್ಜಿ ಹಾಕಿ ನೋಡಬಹುದು ಎಂದಿದ್ದಾರೆ. ಅವರು ಕಳಿಸಿದ ಕರಡು ಇದರೊಂದಿಗಿದೆ. "ನನಗೆ ಕಿವಿಯ ದೋಷವಿದ್ದುದರಿಂದ ಆರೋಪಿಯ ಮಾತು ಸರಿಯಾಗಿ ಕೇಳಿಸಿರಲಿಲ್ಲ, ಊಹೆಯಿಂದ ಹೇಳಿದೆನು" ಎಂದಿದೆ. ಈ ಸಲ ಕೇಳದೆ ಕೇಳುತ್ತಿಲ್ಲ. ಸಹಿ ಮಾಡಿಕೊಡಿ ಎಂದು ಕಾಲು ಹಿಡಿದು ಕೇಳುತ್ತಿದ್ದೇನೆ.

ಸುಂದರಾ


ಚಿಕ್ಕೋಡಿ
೯-೭-೧೯೯೨

ಗುರುಗಳಿಗೆ ನಮಸ್ಕಾರ.

ಬೆಂಗಳೂರಿನಿಂದ ಟೆಲಿಗ್ರಾಂ ಬಂದಿದೆ. ಅಪೀಲು ಮೊನ್ನೆ ಮಂಗಳವಾರವೇ ವಿಚಾರಣೆಗೆ ಬಂದು ವಜಾ ಆಯಿತು. ಇಷ್ಟು ಬೇಗ ಬರುವುದೆಂದು ವಕೀಲರಿಗೂ ಗೊತ್ತಿರಲಿಲ್ಲವಂತೆ. ಇನ್ನು ಮುಂದೆ ಹೋಗುವ ಶಕ್ತಿ ನಮಗಿಲ್ಲ.

ನಿಮ್ಮಿಂದ ಉತ್ತರ ಬರಲಿಲ್ಲ. ನೀವು ಸಹಿ ಮಾಡುವವರಲ್ಲ ಎಂದು ಕಳಿಸುವಾಗಲೇ ಗೊತ್ತಿತ್ತು. ಹದಿನೈದು ದಿನ ನಿಮ್ಮ ಮೇಲೆ ಸಿಟ್ಟಿನಿಂದ ಊಟ ಬಿಟ್ಟಿದ್ದೆ. ಇವತ್ತು ಆ ಸಿಟ್ಟು ಇಲ್ಲ. ಇಷ್ಟೆಲ್ಲ ಆದ ಮೇಲೂ ಸುಳ್ಳು ಹೇಳದವರೊಬ್ಬರು ಉಳಿದಿದ್ದಾರಲ್ಲ, ಅಷ್ಟಾದರೂ ಉಳಿಯಿತು. ಆ ಕರಡನ್ನು ಒಲೆಗೆ ಹಾಕಿಬಿಡಿ.

ಸುಂದರಾ


ಮಂಗಸೂಳಿ

ಚಿ. ಸುಂದರಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ೨೧-೬ರ ಪತ್ರಕ್ಕೆ ಉತ್ತರಿಸಲು ತಡವಾಯಿತು. ಇಂದು ಬೆಳಿಗ್ಗೆ ಅಥಣಿಗೆ ಹೋಗಿ ಪ್ರಮಾಣಪತ್ರಕ್ಕೆ ಸಹಿ ಮಾಡಿ ಬಂದೆನು. ಇದರೊಂದಿಗೆ ಕಳಿಸಿದ್ದೇನೆ, ರಿಜಿಸ್ಟರ್ ಅಂಚೆಯಲ್ಲಿ ಹಾಕಿಸುತ್ತೇನೆ.

ನೋಟರಿಯವರು ನನ್ನ ಹಳೆಯ ವಿದ್ಯಾರ್ಥಿ ಜಿನ್ನಪ್ಪ. ಎದ್ದು ಕಾಲು ಮುಟ್ಟಿದನು. ಕಾಗದವನ್ನು ಗಟ್ಟಿಯಾಗಿ ಓದಿ, ಓದುತ್ತ ಓದುತ್ತ ಧ್ವನಿ ಇಳಿಸಿ, ಕೊನೆಗೆ, "ಸರ್, ಪ್ರಮಾಣ ಮಾಡಿ ಹೇಳಬೇಕಾಗ್ತದ. ಇದೆಲ್ಲಾ ಖರೇ ಏನ್ರಿ?" ಎಂದು ಕೇಳಿದನು. ನಾನು ಕೈಯನ್ನು ಕಿವಿಗೆ ಹಚ್ಚಿ, "ಏನಂದಿಯಪ್ಪಾ?" ಎಂದೆನು. ಅವನು ಮತ್ತೊಮ್ಮೆ ಕೇಳಿದನು. ನಾನು ಮತ್ತೊಮ್ಮೆ ಹಾಗೆಯೇ ಕೈ ಹಚ್ಚಿದೆನು. ಮೂರನೆಯ ಸಲ ಅವನು ಕೇಳಲಿಲ್ಲ. ನನ್ನ ಮುಖ ನೋಡದೆ ಮೊಹರು ಒತ್ತಿದನು. ನಾನು ಹೌದು ಎಂದಿಲ್ಲ, ಅಲ್ಲ ಎಂದಿಲ್ಲ. ಆದರೆ ಸಹಿ ನನ್ನದೇ.

ಹೈಕೋರ್ಟಿನವರು ಊರಿನಲ್ಲಿ ವಿಚಾರಿಸಿದರೆ ಪ್ರಮಾಣಪತ್ರಕ್ಕೆ ವಿರುದ್ಧವಾದುದು ಕಾಣಬಾರದು. ಆದ್ದರಿಂದ ಇಂದಿನಿಂದ ನಾನು ಕಿವುಡನಾಗಿಯೇ ಇರತಕ್ಕದ್ದೆಂದು ನಿಶ್ಚಯಿಸಿದ್ದೇನೆ. ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮೂರ ಬಾಳಾಸಾಬ ಬಲಬದಿಯಲ್ಲಿಯೇ ಕುಳಿತು, "ಮಾಸ್ತರ, ಎಲ್ಲಿಗ್ಹೋಗಿದ್ರಿ?" ಎಂದನು. ಕಿಟಕಿಯ ಹೊರಗೆ ನೋಡುತ್ತ ಕುಳಿತೆನು. ಅವನು ಹಿಂದಿನ ಸೀಟಿನವನಿಗೆ, "ಪೂರಾ ಹ್ವಾತ ಮುದುಕಂದು. ಇನ್ನ ಇಂವನ ಮುಂದ ಏನರೆ ಮಾತಾಡೋ, ಯಾವ ಕೋರ್ಟಿಗೂ ಮುಟ್ಟೂದಿಲ್ಲ" ಎಂದನು. ಇಬ್ಬರೂ ನಕ್ಕರು. ಹಾದಿಯ ಅನಂತಪುರ ದಾಟುವವರೆಗೆ ಅವರು ನನ್ನನ್ನು ಕುರಿತೇ ಮಾತನಾಡಿದರು. ಅದನ್ನೆಲ್ಲ ನಾನು ಕೇಳಿಸಿಕೊಂಡಿಲ್ಲ.

ಈ ಕಾಗದದಿಂದ ಕಾಡಸಿದ್ದನಿಗೆ ಉಳಿದ ವರ್ಷಗಳಾದರೂ ತಪ್ಪಿದರೆ ಸಾಕು. ಬೆಂಗಳೂರಿನ ವಿಚಾರಣೆಯ ತಾರೀಖು ಗೊತ್ತಾದ ಕೂಡಲೆ ಬರೆದು ತಿಳಿಸು. ಅಂಚೆಯವನು ಬಂದು ಬಾಗಿಲಲ್ಲಿ ಕೂಗಿದರೆ ನಾನು ಏಳುವಂತಿಲ್ಲ. ಆದ್ದರಿಂದ ಇನ್ನು ಹಗಲೆಲ್ಲ ಕಟ್ಟೆಯ ಮೇಲೆಯೇ ಕುಳಿತಿರುತ್ತೇನೆ.

ಧರಣೇಂದ್ರ ಪಾ. ಉಪಾಧ್ಯೆ
೧೦-೭-೧೯೯೨, ಸಂಜೆ ೪ ಗಂಟೆ ೩೫ ನಿಮಿಷ